ಇನ್ನೊಂದು ಗೇಣು

ಸುಣ್ಣಕಲ್ಲಿನ ಗುಡ್ಡವೊಂದರಲ್ಲಿ ಒಂದರ ಮೇಲೊಂದು ಎರಡು ಗವಿಗಳಿದ್ದವು. ಮೇಲಿನದು ನೀರಾರಿದ ಮುದಿ ಗವಿ. ಕೆಳಗಿನದರಲ್ಲಿ ಇನ್ನೂ ಹೊಳೆ ಹರಿಯುತ್ತಿತ್ತು. ಬಾವಲಿಗಳು ಮೇಲ್ಗವಿಯ ಎತ್ತರವನ್ನು ಹೊಗಳಿದ್ದೇ ತಡ, ಕೆಳಗವಿಗೆ ನೆಮ್ಮದಿ ಹೋಯಿತು. "ಹೊಳೆಯೇ, ಉಕ್ಕು, ನನ್ನ ಸೂರನ್ನು ಇನ್ನಷ್ಟು ಕೊರೆ" ಎಂದು ಮಳೆಗಾಲವೆಲ್ಲ ಪೀಡಿಸಿತು.

"ಸಾಕು ಮಾಡು ತಂಗಿ, ನಿನ್ನ ಸೂರೇ ನನ್ನ ನೆಲ" ಎಂದಿತು ಮುದಿ ಗವಿ.

"ಅಕ್ಕನಿಗೆ ಹೊಟ್ಟೆಕಿಚ್ಚು" ಎಂದುಕೊಂಡ ಕೆಳಗವಿ, "ಇನ್ನೊಂದೇ ಗೇಣು" ಎಂದು ಹೊಳೆಯನ್ನು ಅವಸರಪಡಿಸಿತು.

ಆ ಗೇಣಿಗೇ ಸೂರು ಕುಸಿಯಿತು. ಹಿಂದೆಯೇ ಅಕ್ಕನ ಸೂರೂ ಬಿತ್ತು. ಮೊದಲ ಸಲ ಬಿಸಿಲು ಕಂಡ ಕೆಳಗವಿ, "ಈಗ ನನ್ನಷ್ಟು ಎತ್ತರದ ಗವಿ ಎಲ್ಲಿದೆ?" ಎಂದು ಕೇಳಿತು.

ಮೇಯುತ್ತಾ ಅಂಚಿಗೆ ಬಂದ ಮೇಕೆ ಬಗ್ಗಿ ನೋಡಿ, ತನ್ನ ಮರಿಗೆ ಹೇಳಿತು: "ಈಚೆ ಬಾ, ಅಲ್ಲಿ ಗುಂಡಿ ಇದೆ."