ಕೊಯ್ಯದೆ ಬಿಟ್ಟ ಮೂಲೆ

“ಗುರುಗಳೇ, ಸೋಲುವುದು ಖಚಿತವೆಂದು ಗೊತ್ತಿದ್ದೂ ಬಲಶಾಲಿಯ ಎದುರು ನಿಲ್ಲುವುದರಲ್ಲಿ ಏನರ್ಥವಿದೆ?” ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಅದು ಯವನ ರಾಜರು ಯೆಹೂದ್ಯರ ನಾಡನ್ನು ಆಳುತ್ತಿದ್ದ ಕಾಲ. ಯವನರು ಎಂದರೆ ಗ್ರೀಕರು, ಸಮುದ್ರದಾಚೆಯಿಂದ ಬಂದವರು. ಈಟಿಯಿಂದ ಗೆದ್ದ ನೆಲವೆಲ್ಲ ರಾಜನದು ಎಂಬುದು ಅವರ ಕಾನೂನು. ಮಣ್ಣು ಅವನದು, ಬೆಳೆ ಅವನದು, ಉಳುವವನು ಉಳುವುದು ಅವನ ದಯೆಯಿಂದ. ಗೆದ್ದವರಿಗೆ ಇಂಥ ಕಾನೂನು ಬಲು ಬೇಗ ಹೊಳೆಯುತ್ತದೆ.

ಅಲ್ಲಿನ ಗುಡ್ಡಗಾಡಿನಲ್ಲಿ ಒಬ್ಬ ಯೆಹೂದಿ ರೈತನಿದ್ದ. ಅವನ ಮನೆತನ ತಲೆತಲಾಂತರದಿಂದ ಒಂದೇ ಹೊಲದಲ್ಲಿ ಜವೆಗೋಧಿ ಬೆಳೆಯುತ್ತಿತ್ತು. ಯೆಹೂದ್ಯರಲ್ಲಿ ಒಂದು ಕಟ್ಟಳೆಯಿದೆ. ಹೊಲದ ಒಡೆಯ ಬೆಳೆಯನ್ನು ಪೂರ್ತಿ ಕೊಯ್ಯಬಾರದು, ಒಂದು ಮೂಲೆಯನ್ನು ಹಾಗೆಯೇ ಬಿಡಬೇಕು. ಅದು ಬಡವರಿಗೆ ಮತ್ತು ಪರನಾಡಿನಿಂದ ಬಂದವರಿಗೆ ಸೇರಿದ್ದು. ಅವರೇ ಬಂದು ಕೊಯ್ದುಕೊಳ್ಳುತ್ತಾರೆ. ನೀನು ಯಾರು, ಏಕೆ ಬಂದೆ ಎಂದು ಕೇಳುವುದನ್ನು ಆ ಊರಿನಲ್ಲಿ ದೊಡ್ಡ ತಪ್ಪೆಂದು ಎಣಿಸುತ್ತಿದ್ದರು.

ಒಂದು ಸುಗ್ಗಿಗೆ ರಾಜನ ಹೊಸ ಅಧಿಕಾರಿ ಸೈನಿಕರೊಂದಿಗೆ ಬಂದ. ರಾಜನ ಪಾಲು ಆಗಲೇ ಕಣದಲ್ಲಿ ರಾಶಿಯಾಗಿತ್ತು. ಅದಕ್ಕೆ ರೈತ ಯಾವ ತಕರಾರೂ ತೆಗೆದಿರಲಿಲ್ಲ. ಆದರೆ ಅಧಿಕಾರಿಗಳ ಕಣ್ಣಿಗೆ ಕೊಟ್ಟದ್ದು ಬೀಳುವುದಿಲ್ಲ, ಉಳಿದದ್ದು ಬೀಳುತ್ತದೆ. ಮೂಲೆಯಲ್ಲಿ ನಿಂತಿದ್ದ ತೆನೆಗಳನ್ನು ಕಂಡು ಇದೇನೆಂದು ಕೇಳಿದ. ಬದುವಿನ ಮೇಲೆ ಬುಟ್ಟಿ ಹಿಡಿದು ಕಾಯುತ್ತಿದ್ದ ಮೂವರು ವಿಧವೆಯರನ್ನು ತೋರಿಸಿ ರೈತ ಆ ಕಟ್ಟಳೆಯನ್ನು ವಿವರಿಸಿದ.

ಅಧಿಕಾರಿ ನಕ್ಕ. “ರಾಜನ ನೆಲದಲ್ಲಿ ಬೆಳೆದದ್ದನ್ನು ದಾನ ಮಾಡೋಕೆ ನೀನು ಯಾರು? ಅದನ್ನೂ ಕೊಯ್ದು ರಾಜನ ರಾಶಿಗೆ ಹಾಕು. ಇಲ್ಲವೋ, ಸಂಜೆಯೊಳಗೆ ಹೊಲ ಬಿಟ್ಟು ಹೊರಡು.”

ಆ ಹೊಲ ಬಿಟ್ಟರೆ ರೈತನಿಗೆ ಬೇರೆ ಬದುಕಿರಲಿಲ್ಲ. ಕುಡುಗೋಲು ಕೈಯಲ್ಲೇ ಇತ್ತು. ಅರ್ಧ ಗಳಿಗೆ ಬೆನ್ನು ಬಗ್ಗಿಸಿದ್ದರೆ ಎಲ್ಲವೂ ಮುಗಿಯುತ್ತಿತ್ತು. ಅವನು ಆ ಕುಡುಗೋಲನ್ನು ಅಧಿಕಾರಿಯ ಕಾಲ ಬಳಿ ಇಟ್ಟ.

“ನಾನಂತೂ ಕೊಯ್ಯೋದಿಲ್ಲ,” ಎಂದ. “ಬೇಕಾದರೆ ನೀವೇ ಕೊಯ್ದುಕೊಳ್ಳಿ, ತಡೆಯೋದಿಲ್ಲ. ಆ ಮೂಲೆಗೆ ಕೈ ಹಾಕೋರು ಒಂದೋ ಗತಿಯಿಲ್ಲದ ಬಡವರು, ಇಲ್ಲವೇ ಪರನಾಡಿನವರು. ನಿಮ್ಮ ರಾಜ ಇಬ್ಬರಲ್ಲಿ ಯಾರು ಅಂತ ನಾನು ಕೇಳೋದಿಲ್ಲ. ಹಾಗೆ ಕೇಳೋದು ನಮ್ಮಲ್ಲಿ ತಪ್ಪು.”

ಬದುವಿನ ಮೇಲಿದ್ದ ವಿಧವೆಯೊಬ್ಬಳು ಕಿಸಕ್ಕನೆ ನಕ್ಕುಬಿಟ್ಟಳು. ಸೈನಿಕರು ಕುಡುಗೋಲನ್ನು ನೋಡಿದರು, ಅಧಿಕಾರಿಯ ಮುಖ ನೋಡಿದರು. ಯಾರೂ ಬಗ್ಗಲಿಲ್ಲ. ಕೊಯ್ಯಿಸಿದರೆ ರಾಜ ಆ ಬುಟ್ಟಿ ಹಿಡಿದವರ ಸಾಲಿಗೆ ಸೇರುತ್ತಾನೆ, ಬಿಟ್ಟರೆ ರೈತನ ಮಾತು ಗೆಲ್ಲುತ್ತದೆ. ಅಧಿಕಾರಿಗೆ ಮೈಯೆಲ್ಲ ಉರಿಯಿತು. ಮೂಲೆಗೆ ಬೆಂಕಿ ಹಚ್ಚಿಸಿದ. ರೈತನನ್ನು ಹೊಡೆಸಿ, ಹೆಂಡತಿ ಮಕ್ಕಳ ಸಮೇತ ಹೊಲದಿಂದ ಅಟ್ಟಿದ.

ಮರುವರ್ಷದ ಸುಗ್ಗಿಯಲ್ಲಿ ಆ ರೈತ ತಾನೇ ಬುಟ್ಟಿ ಹಿಡಿದು ಪಕ್ಕದವನ ಹೊಲಕ್ಕೆ ಹೋದ. ಅಲ್ಲಿ ಬಿಟ್ಟಿದ್ದ ಮೂಲೆ ಹಿಂದಿಗಿಂತ ಅಗಲವಾಗಿತ್ತು. ಅವನು ತಲೆ ತಗ್ಗಿಸದೆ ಕೊಯ್ದುಕೊಂಡ. ನೀನು ಯಾರು ಎಂದು ಯಾರೂ ಕೇಳಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ತೆನೆ ಸುಟ್ಟುಹೋಯಿತು. ವಿಧವೆಯರು ಬರಿಗೈಯಲ್ಲಿ ಮನೆಗೆ ಹೋದರು. ಹೊಲ ರಾಜನ ವಶವಾಯಿತು. ಗೆದ್ದವನು ರಾಜನೇ ಅಲ್ಲವೇ, ಗುರುಗಳೇ?”

ಗುರುಗಳು ಹೇಳಿದರು: “ತನ್ನ ನೆಲದ ಬೆಳೆಗೆ ಯಾವ ಒಡೆಯನಾದರೂ ಬೆಂಕಿ ಇಡುತ್ತಾನೆಯೇ?”