ಉಸಿರು ಕಟ್ಟಿದ ಕಾರು ಮತ್ತು ಕುಲುಮೆಯ ಜವರ

"ಕೇಳ್ರಪ್ಪೋ ಕೇಳಿ! ಚಳಿಗಿರಿಯ ದೊರೆ ಬೈಚರಸರ ಕಾರಿನಲ್ಲಿ ಬೆಚ್ಚನೆ ಗಾಳಿ ನಿಂತುಹೋಗಿದೆ. ರಾಜಕುಮಾರಿ ಸಿರಿಯಮ್ಮಣ್ಣಿ ಕೇಳುವ ಮೂರು ಒಗಟು ಬಿಡಿಸಿ ಅದನ್ನು ಸರಿಮಾಡಿದವನು ಬೇಡಿದ್ದು ಪಡೆಯುತ್ತಾನೆ. ತಪ್ಪು ಹೇಳಿದವನ ತಲೆ ಉಳಿಯುವುದಿಲ್ಲ! ಯಾರಿಂದಲೂ ಆಗದಿದ್ದರೆ, ಕಾರಿಗೆ ಮಾಟ ಮಾಡಿದ ಕಾಳಮ್ಮನನ್ನು ನಾಳೆ ಹೊತ್ತು ಮುಳುಗುವಾಗ ಹಿಮದ ಕಣಿವೆಗೆ ತಳ್ಳಲಾಗುತ್ತದೆ!"

ಡಂಗುರದವನು ಬಾಯಿಬಿಡದೆ ನುಂಗಿದ್ದು ಊರಿಗೆಲ್ಲ ಗೊತ್ತಿತ್ತು. ಪಕ್ಕದ ರಾಜ್ಯದ ಯುವರಾಜ ಹೆಣ್ಣು ನೋಡಲು ಬಂದಿದ್ದ. ದೊರೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಊರು ತೋರಿಸಲು ಹೊರಟರು. ಹೀಟರ್ ಊದಲಿಲ್ಲ. ದೊರೆಗೆ ಚಳಿ ಹತ್ತಿ ಸೀನು ಬಂತು. ಎಲ್ಲಿಗೆ ಸೀನಿದರು? ಗಂಡಿನ ಮೀಸೆಗೇ! ಮೀಸೆ ಒರೆಸಿಕೊಂಡು ಇಳಿದವನು ತಿರುಗಿ ನೋಡಲಿಲ್ಲ. ಆ ಸಿಟ್ಟು ಯಾರ ತಲೆಗಾದರೂ ಬೀಳಬೇಕಲ್ಲ, ಹಿಂದಿನ ದಿನ ಕಾರು ಗುಡಿಸಿದ್ದ ವಿಧವೆ ಕಾಳಮ್ಮನ ತಲೆಗೆ ಬಿತ್ತು. ನಿನ್ನೆವರೆಗೂ ಅವಳ ಒಲೆಯಿಂದ ಕೆಂಡ ಇಸ್ಕೊಂಡು ಹೋಗುತ್ತಿದ್ದ ನೆರೆಯವರೇ, "ಅವಳ ಕಣ್ಣು ಮೊದಲಿಂದಲೂ ಸರಿಯಿರಲಿಲ್ಲ ಕಣೇ" ಅಂದರು.

ಅವಳ ಮಗ ಜವರ ದಾರಿಬದಿಯ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದ. ಬೆಟ್ಟ ಹತ್ತುವ ಲಾರಿಯವರು ಹೀಟರ್ ಕೆಟ್ಟರೆ ಅವನನ್ನೇ ಕೂಗುತ್ತಿದ್ದರು. ಡಂಗುರ ಕೇಳಿದ ಮಾರನೆಯ ದಿನ ಒಂದು ಸ್ಕ್ರೂಡ್ರೈವರ್ ಸೊಂಟಕ್ಕೆ ಸಿಕ್ಕಿಸಿಕೊಂಡು, ಎಣ್ಣೆ ಕುಪ್ಪಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಅರಮನೆಗೆ ಹೋದ.

ಅಂಗಳದಲ್ಲಿ ಕಾರು, ಕಾರಿನ ಸುತ್ತ ಜನ. ಜಗುಲಿಯ ಮೇಲೆ ದೊರೆ, ಅವರ ತಾಯಿ, ಮಂತ್ರಿ. ಒಂದು ಮೂಲೆಯಲ್ಲಿ ಕೈಕಟ್ಟಿಸಿಕೊಂಡ ಕಾಳಮ್ಮ. ಮಗನನ್ನು ಕಂಡವಳೇ, "ನೀನ್ಯಾಕೆ ಬಂದ್ಯೋ, ಹೋಗೋ ಮನೆಗೆ" ಎಂದು ಹಲ್ಲು ಕಚ್ಚಿ ಬೈದಳು.

ಸಿರಿಯಮ್ಮಣ್ಣಿ ಮೊದಲ ಒಗಟು ಕೇಳಿದಳು: "ಗೂಡಿನೊಳಗೆ ಕೂತಿದ್ದಾಳೆ. ಊಟ ಹೋಗುತ್ತಿದೆ, ಗುಂಯ್ ಎಂದು ನರಳುತ್ತಾಳೆ, ಆದರೆ ಮೈ ಆಡದು, ಉಸಿರು ಬಿಡಳು. ಯಾರವಳು?"

ಕೆಳನಾಡಿನ ಪಾಳೆಯಗಾರನ ಮಗ ಮುಂದೆ ನುಗ್ಗಿದ. "ಬಾಣಂತಿ ಕರಡಿ!" ಭಟರು ಅವನನ್ನು ಎಳೆದುಕೊಂಡು ಹೋದರು. ಜರತಾರಿ ಪೇಟದ ಸಾಹುಕಾರನ ಮಗ, "ಮೋಹಿನಿ" ಅಂದ. ಅವನ ಪೇಟ ಮಾತ್ರ ಅಂಗಳದಲ್ಲಿ ಉಳಿಯಿತು. ಅರಮನೆಯ ಹಿಂದೆ ಕತ್ತಿ ಮಸೆಯುವ ಸದ್ದು ಶುರುವಾಯಿತು. ರಾಜಕುಮಾರಿಯನ್ನೇ ಬೇಡುವ ಆಸೆಯಿಂದ ಬಂದಿದ್ದ ಮಿಕ್ಕ ಗಂಡುಗಳಿಗೆ ಒಮ್ಮೆಲೇ ಮನೆಯ ಕೆಲಸ ನೆನಪಾಯಿತು.

ಜವರ ಕಾರಿನ ಹತ್ತಿರ ಬಂದ. "ಹೀಟರಿನ ಗಾಳಿ ಊದುವ ಮೋಟಾರು, ಅಮ್ಮಣ್ಣಿ. ಕರೆಂಟು ಹೋಗುತ್ತಿದೆ, ಅದಕ್ಕೇ ಗುಂಯ್ ಅನ್ನುತ್ತಿದೆ. ಚಕ್ರ ಸಿಕ್ಕಿಹಾಕಿಕೊಂಡಿದೆ."

"ಸರಿ," ಅಂದಳು ಸಿರಿಯಮ್ಮಣ್ಣಿ. "ಎರಡನೆಯದು. ಅವಳನ್ನು ಹೊರಗೆ ತರಬೇಕು. ಕಿರೀಟ ಇಟ್ಟುಕೊಂಡು ಹೋದವನಿಗೆ ಅವಳು ಕಾಣುವುದಿಲ್ಲ. ಅವಸರದವನ ಕೈಗೆ ಅವಳ ನರ ಕಿತ್ತು ಬರುತ್ತದೆ. ಹೇಗೆ ತರುತ್ತೀ?"

ಜವರ ಕಾರಿನ ಮೂತಿ ತೆರೆದ. ಬ್ಯಾಟರಿಯ ವಯರು ಬಿಚ್ಚಿದ. ರುಮಾಲು ತೆಗೆದಿಟ್ಟು, ಮುಂದಿನ ಸೀಟಿನವರು ಕಾಲಿಡುವ ಕಡೆ ತಲೆಯಿಟ್ಟು ಅಂಗಾತ ಮಲಗಿದ. ಡ್ಯಾಶ್‌ಬೋರ್ಡಿನ ಹೊಟ್ಟೆಯಡಿ ಕೈ ತೂರಿಸಿ ಮೊದಲು ವಯರಿನ ಕೊಂಡಿ ಬಿಡಿಸಿದ, ಆಮೇಲೆ ಸ್ಕ್ರೂ. ಕೊನೆಯದು ತುಕ್ಕು ಹಿಡಿದಿತ್ತು. ಅಲ್ಲಾಡಲಿಲ್ಲ. ಹೊತ್ತು ಗೋಡೆಯ ಹಿಂದೆ ಇಳಿಯುತ್ತಿತ್ತು. ಬೆವರು ಕಣ್ಣಿಗೆ ಇಳಿದು ಉರಿ. ಜೋರು ಮಾಡಿದರೆ ಸ್ಕ್ರೂವಿನ ತಲೆ ಸವೆಯುತ್ತದೆ, ಅದು ಸವೆದರೆ ಅವ್ವ ಹೋದಳು. ತೊಟ್ಟು ಎಣ್ಣೆ ಬಿಟ್ಟು, ಮೆಲ್ಲಗೆ ತಟ್ಟಿ, ಕಾದ. ಕಡೆಗೆ ಕಿರ್ ಎಂದು ತಿರುಗಿತು. ಮೋಟಾರು ಮಗುವಿನಂತೆ ಅವನ ಎದೆಯ ಮೇಲೆ ಇಳಿಯಿತು.

ಚಕ್ರದೊಳಗೆ ಇಣುಕಿದವನ ಮುಖ ಬಿಳುಚಿತು. ಹಾಗೇ ಟವೆಲ್ ಮುಚ್ಚಿದ.

ಸಿರಿಯಮ್ಮಣ್ಣಿಯ ದನಿ ಸಣ್ಣಗಾಯಿತು. "ಮೂರನೆಯದು. ಬಾಗಿಲು ತೆರೆಸದೆ ಒಳಗೆ ಬಂದ, ಎಲೆ ಹಾಕಿಸಿಕೊಂಡು ಉಂಡ, ಉಂಡ ಮನೆಯ ಉಸಿರನ್ನೇ ಕಟ್ಟಿಸಿದ. ಅವನು ಯಾರು? ಎಲೆ ಹಾಕಿದವರು ಯಾರು?"

ಜವರ ಅವಳ ಮುಖ ನೋಡಿದ. ಹುಡುಗಿಗೆ ಎಲ್ಲ ಮೊದಲೇ ಗೊತ್ತು! ತನ್ನ ಬಾಯಲ್ಲಿ ಬರದ ಮಾತನ್ನು ಯಾವನಾದರೂ ಬಡವನ ಬಾಯಲ್ಲಿ ಆಡಿಸಲು ಇಷ್ಟೆಲ್ಲ ಒಗಟು ಹೆಣೆದಿದ್ದಾಳೆ. ಮಂತ್ರಿ ಬಗ್ಗಿ ಅವನ ಕಿವಿಯಲ್ಲಿ, "ಎಲೆ ಹಾಕಿದ್ದು ಕಾಳಮ್ಮ ಅನ್ನು. ನಿನ್ನ ತಲೆಯಾದರೂ ಉಳಿಯುತ್ತದೆ" ಅಂದ.

ಜವರ ಟವೆಲ್ ತೆಗೆದ. ಚಕ್ರದ ತುಂಬ ಇಲಿಯ ಗೂಡು. ಒಣಗಿದ ಚೆಂಡುಹೂವಿನ ಎಸಳು, ಅರಿಶಿನ ಮೆತ್ತಿದ ಅಕ್ಕಿ.

"ಉಂಡವನು ಇಲಿ, ಬುದ್ಧಿ" ಎಂದ ದೊರೆಗೆ. ಆಮೇಲೆ ಜಗುಲಿಯ ಮೇಲೆ ಕೂತಿದ್ದ ದೊರೆಯ ತಾಯಿ ದೊಡ್ಡಮ್ಮಣ್ಣಿಯ ಕಡೆ ತಿರುಗಿ ಕೈಮುಗಿದ. "ಎಲೆ ಹಾಕಿದವರು ತಾವು, ತಾಯಿ. ಶುಕ್ರವಾರ ಶುಕ್ರವಾರ ಕಾರಿಗೆ ಪೂಜೆ ಮಾಡಿ, ಗಾಜಿನ ಬುಡಕ್ಕೆ ಹೂವು, ಅಕ್ಷತೆ ಹಾಕುತ್ತೀರಿ, ನಮ್ಮವ್ವ ಗುಡಿಸುವುದು ಅದನ್ನೇ. ಅಲ್ಲಿಯ ಜಾಲರಿಯಿಂದಲೇ ಕಾರು ಉಸಿರೆಳೆಯುವುದು. ಅಕ್ಕಿ ಒಳಗೆ ಬಿತ್ತು, ಅದರ ಹಿಂದೆ ಇಲಿ ಬಂತು."

ಕತ್ತಿ ಮಸೆಯುವ ಸದ್ದು ನಿಂತಿತು. ದೊರೆ ಎದ್ದು ನಿಂತರು. ಕಾಳಮ್ಮ ಕಣ್ಣು ಮುಚ್ಚಿಕೊಂಡಳು.

"ಕೂತ್ಕೊಳೋ ಬೈಚ" ಅಂದಳು ಮುದುಕಿ. "ತಪ್ಪು ಹೇಳಿದವನ ತಲೆ ತಾನೆ ನೀನು ತೆಗೆಯೋದು? ಇವನು ಎಲ್ಲಿ ತಪ್ಪು ಹೇಳಿದ? ಹಾಕಿದವಳು ನಾನೇ. ಮೀಸೆಯವನು ಓಡಿಹೋದದ್ದಕ್ಕೆ ಆ ಹೆಂಗಸಿನ ಕೈ ಯಾಕೆ ಕಟ್ಟಿದ್ದೀ? ಮೊದಲು ಬಿಚ್ಚು. ಆ ಕರಡಿಯವನನ್ನೂ ಮೋಹಿನಿಯವನನ್ನೂ ಅವರವರ ಅಮ್ಮಂದಿರ ಹತ್ತಿರ ಕಳಿಸು."

ಜವರ ಗೂಡು ಕಿತ್ತು, ಚಕ್ರ ಒರೆಸಿ, ಒಣಗಿದ್ದ ಅಚ್ಚಿಗೆ ಎಣ್ಣೆ ಬಿಟ್ಟು ಬೆರಳಿನಿಂದ ತಿರುಗಿಸಿದ. ಸಲೀಸಾಗಿ ತಿರುಗಿತು. ಮತ್ತೆ ಮಲಗಿ ಕೂರಿಸಿದ, ಜಾಲರಿಯ ಮೇಲೊಂದು ಸಣ್ಣ ಕಣ್ಣಿನ ಬಲೆ ಬಿಗಿದ. ಬ್ಯಾಟರಿಯ ವಯರು ಸಿಕ್ಕಿಸಿ, ಇಂಜಿನ್ ಬಿಸಿ ಮಾಡಿ ಗುಂಡಿ ಒತ್ತಿದಾಗ ಬಿಸಿ ಗಾಳಿ ಭುಸ್ಸೆಂದು, ಒಳಗೆ ಇಣುಕುತ್ತಿದ್ದ ದೊರೆಯ ಮುಖಕ್ಕೇ ಹೊಡೆಯಿತು.

"ಏನು ಬೇಕೋ ಕೇಳು" ಅಂದರು ದೊರೆ, ಸಿರಿಯಮ್ಮಣ್ಣಿಯ ಕಡೆ ನೋಡದೆ.

"ನಮ್ಮವ್ವನ್ನ ಈ ಕಾರಿನಲ್ಲಿ ಕೂರಿಸಿ, ನಮ್ಮ ಕೇರಿಯಲ್ಲಿ ಒಂದು ಸುತ್ತು, ಬುದ್ಧಿ."

ಅಂದು ಸಂಜೆ ಕಾರು ಕೇರಿಗೆ ಬಂದಾಗ ಸ್ಟೀರಿಂಗ್ ಹಿಡಿದಿದ್ದವಳು ಸಾಕ್ಷಾತ್ ಸಿರಿಯಮ್ಮಣ್ಣಿ, ಪಕ್ಕದಲ್ಲಿ ಜವರ! ಆ ಸುದ್ದಿಯನ್ನು ಊರು ಇನ್ನೂ ಅಗಿಯುತ್ತಿದೆ. ಹಿಂದೆ ದೊರೆಯ ಸೀಟಿನಲ್ಲಿ ಕಾಳಮ್ಮ. ಕೆಂಡ ಇಸ್ಕೊಳ್ಳುವ ನೆರೆಯವರು ಬಾಗಿಲಲ್ಲಿ ಚಳಿಗೆ ಗಡಗಡ ನಡುಗುತ್ತ ನಿಂತಿದ್ದರು. ಕಾಳಮ್ಮ ಅವರ ಮುಂದೆಯೇ ಕಾರು ನಿಲ್ಲಿಸಲು ಹೇಳಿ, ಗಾಜು ಇಳಿಸಿ, ಹೊದ್ದಿದ್ದ ಕಂಬಳಿ ತೆಗೆದು ಮಡಿಲಲ್ಲಿಟ್ಟುಕೊಂಡು, ಕೇರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಜವರಾ, ಸ್ವಲ್ಪ ಕಮ್ಮಿ ಮಾಡೋ. ಸೆಕೆ."