ತೂತುಗೌದಿ ಬುರುಜು

ಗೆರಸಿನಾಳದ ಹಳೆಯ ವಾಡೆಯಲ್ಲಿ ಈಗ ಉಳಿದಿರುವುದು ಆಗ್ನೇಯ ಮೂಲೆಯ ಬುರುಜು ಒಂದೇ. ಎತ್ತರ ಸುಮಾರು ಇಪ್ಪತ್ತು ಅಡಿ. ಒಳಗೆ ಒಂದು ಕೋಣೆ, ಅದಕ್ಕೊಂದು ತಗ್ಗು ಬಾಗಿಲು. ಊರವರು ಇದನ್ನು ತೂತುಗೌದಿ ಬುರುಜು ಎನ್ನುತ್ತಾರೆ. ಹೆಸರು ಕೇಳಿ ಬಂದವರು ಗೋಡೆಯಲ್ಲಿ ತೂತು ಹುಡುಕುತ್ತಾರೆ, ತೋಪಿನ ಗುಂಡು ಬಡಿದಿರಬೇಕೆಂದು ಊಹಿಸುತ್ತಾರೆ. ಗೋಡೆ ಗಟ್ಟಿಯಾಗಿದೆ. ತೂತು ಬಿದ್ದದ್ದು ಕೌದಿಗೆ.

ಹಿಂದೆ ಒಮ್ಮೆ, ಈ ವಾಡೆಯಲ್ಲಿ ದೇಸಾಯರ ಮನೆತನ ಬಾಳುತ್ತಿದ್ದಾಗ, ಅಂಬವ್ವ ಎಂಬ ಗೊಂದಲಿಗರ ಹೆಂಗಸು ಊರೂರು ತಿರುಗುತ್ತ ಹಳೆಯ ಬಟ್ಟೆಯಿಂದ ಕೌದಿ ಹೊಲಿದುಕೊಡುತ್ತಿದ್ದಳಂತೆ. ದೇಸಾಯರ ವಿಧವೆ ಸೊಸೆ ನೀಲಾಂಬಾಯಿ ಅವಳನ್ನು ಬುರುಜಿನ ಕೋಣೆಗೆ ಕರೆಸಿ ಪೆಟ್ಟಿಗೆ ತೆರೆದಳು. ಬಣ್ಣ ಉಡುವ ಕಾಲ ಅವಳಿಗೆ ಮುಗಿದಿತ್ತು. ಮಂಜಿಷ್ಠದ ಕೆಂಪು, ನೀಲಿಗಿಡದ ನೀಲಿ, ದಾಳಿಂಬೆ ಸಿಪ್ಪೆಯ ಹಳದಿ, ಎಲ್ಲವೂ ಒಗೆದು ಒಗೆದು ಮೆತ್ತಗಾದ ಸೀರೆಗಳು. ಕೌದಿಯನ್ನು ಅಂಚಿನಿಂದ ನಡುವಿಗೆ ಸುತ್ತುತ್ತ ಹೊಲಿಯುತ್ತಾರೆ. ಕೊನೆಗೆ ನಟ್ಟನಡುವೆ ಗೇಣಗಲದ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಹೊದೆಯುವವರೇ ತಮ್ಮ ಸೀರೆಯ ತುಂಡನ್ನು ಕೈಯಾರೆ ಕೊಡಬೇಕು. ಅದರಡಿ ಚೂರು ರೊಟ್ಟಿ ಇಟ್ಟು ಹೊಲಿದರೆ ಹೊಟ್ಟೆ ತುಂಬಿತು. ಒಳ್ಳೆಯ ತುಂಡು ಸಿಗಲೆಂದು ಅಂಬವ್ವ ಮೊದಲ ದಿನವೇ ಎಲ್ಲರೆದುರು ಗತ್ತಿನಿಂದ ಹೇಳಿದ್ದಳು: "ಹಸದ ಕೌದಿ ಹೊಸ್ತಿಲಾ ದಾಟಂಗಿಲ್ರಿ ಅವ್ವಾರ. ಹೊಲದಾಕಿನೂ ದಾಟಂಗಿಲ್ಲ. ದಾಟಿದ್ರ ಎರಡೂ ಮನಿಗೆ ಕೇಡು."

ಹನ್ನೊಂದು ದಿನಕ್ಕೆ ಹೊಲಿಗೆ ನಡುವಿಗೆ ಬಂತು. ತುಂಡು ಕೇಳಿದರೆ ನೀಲಾಂಬಾಯಿ, "ನಾಳೆ ಕೊಡ್ತೀನಿ" ಎಂದಳು. ನಾಳೆ ಕೇಳಿದರೆ ಮತ್ತೆ ನಾಳೆ. ಗಂಡ ತೀರಿದ ಮೇಲೆ ಆರು ವರ್ಷದಿಂದ ಅವಳು ಆ ಕೋಣೆ ಬಿಟ್ಟು ಹೊರಗೆ ಬಂದಿರಲಿಲ್ಲ. ಎದುರು ಕೂತು ಮಾತಾಡುವ ಜೀವ ಸಿಕ್ಕಿದ್ದು ಇದೇ ಮೊದಲು. ಹೊಟ್ಟೆ ತುಂಬಿದರೆ ಆ ಜೀವ ಎದ್ದು ಹೋಗುತ್ತದೆ. ಮೂರನೆಯ 'ನಾಳೆ'ಗೆ ಅಂಬವ್ವನಿಗೆ ಇದು ತಿಳಿಯಿತು. ಇತ್ತ ಊರಾಚೆ ಬಿಡಾರದಲ್ಲಿ ಅವಳ ಮಗಳು ತುಳಜವ್ವನಿಗೆ ದಿನ ತುಂಬಿತ್ತು. ಹಿಂದಿನ ಎರಡು ಕೂಸುಗಳು ಅಡ್ಡ ಬಂದು ಉಳಿದಿರಲಿಲ್ಲ. ಈ ಸಲ ತಾನೇ ಹೆರಿಗೆ ಮಾಡಿಸುವೆನೆಂದು ಅಂಬವ್ವ ಮಾತು ಕೊಟ್ಟಿದ್ದಳು. ಕೋಣೆಗೆ ಅಗುಳಿ ಹಾಕಿರಲಿಲ್ಲ. ಆದರೂ ಹೊಸ್ತಿಲ ತನಕ ಬಂದ ಕಾಲು ತಾನೇ ನಿಲ್ಲುತ್ತಿತ್ತು. ಗತ್ತಿಗೆ ಆಡಿದ ಮಾತೇ ಹೌದು. ಆದರೆ ಅವಳ ಅವ್ವನೂ ಅಜ್ಜಿಯೂ ಅದನ್ನು ನಂಬಿ ಬಾಳಿದ್ದರು. ಕೇಡು ಎಂದೊಡನೆ ಮಗಳ ಬಸಿರೇ ಕಣ್ಣ ಮುಂದೆ ಬರುತ್ತಿತ್ತು. ಬಾಗಿಲು ಕಾಯುವ ಸಿದರಾಯ ದಿನವೂ ಕೆಣಕುತ್ತಿದ್ದ: "ನಿನ್ನ ಬಾಯಿಂದ ಬಂದದ್ದ ಐತಿ, ಆಯಿ. ತುಂಬೇತೇನು ಹೊಟ್ಟಿ?"

ತುಂಡು ಕೇಳತೊಡಗಿದ ಐದನೆಯ ಬೆಳಿಗ್ಗೆ ಬಿಡಾರದಿಂದ ಸುದ್ದಿ ಬಂತು: ಬೇನೆ ಶುರುವಾಗಿದೆ. ಆ ದಿನ ಅಂಬವ್ವ ತುಂಡು ಕೇಳಲಿಲ್ಲ. ಕತ್ತರಿ ಹಿಡಿದು ನಡುವಿನ ಗೇಣಗಲವನ್ನು ಅಡಿಬಟ್ಟೆಯ ಸಮೇತ ಕತ್ತರಿಸಿ ತೆಗೆದಳು. ಅಂಚು ಬಿಚ್ಚದಂತೆ ಸುತ್ತ ಒಂದು ಎಳೆ ಓಡಿಸಿ, ಕೌದಿಯನ್ನು ನೀಲಾಂಬಾಯಿಯ ತೊಡೆಯ ಮೇಲಿಟ್ಟಳು.

"ಹೊಟ್ಟೀನ ಇಲ್ಲದ್ದಕ್ಕ ಹಸಿವು ಎಲ್ಲೀದ್ರಿ, ಅವ್ವಾರ?"

ಸಿದರಾಯ ಯೋಚಿಸುವಷ್ಟರಲ್ಲಿ ಅವಳು ಹೊಸ್ತಿಲು ದಾಟಿದ್ದಳು. ಹಿಂದಿನಿಂದ ನೀಲಾಂಬಾಯಿ ಕರೆದಳು. ತಿರುಗಿ ನೋಡಿದರೆ, ಸೊಂಟದಿಂದ ತೆಗೆದ ಕೆಂಪು ತುಂಡೊಂದು ಅವಳ ಅಂಗೈಯಲ್ಲಿತ್ತು. ಮದುವೆ ಸೀರೆಯ ಸೆರಗು, ಸರಿಯಾಗಿ ಗೇಣಗಲ.

"ಇವತ್ತ ಕೊಡಾಕಿ ಇದ್ದೆ" ಎಂದಳು.

ಅದನ್ನು ಇಟ್ಟು ಹೊಲಿಯಲು ಕೌದಿಯ ನಡುವೆ ಅಡಿಬಟ್ಟೆಯೇ ಉಳಿದಿರಲಿಲ್ಲ. ಅಂಬವ್ವ ಬಿಡಾರದ ಕಡೆ ಓಡಿದಳು. ಕೂಸು ಅಡ್ಡವೇ ಬಂತು; ಅವಳ ಕೈಯಲ್ಲಿ ತಿರುಗಿ, ಬದುಕಿತು. ಗೊಂದಲಿಗರ ಬಿಡಾರ ಮತ್ತೆ ಆ ಊರಿಗೆ ಬರಲಿಲ್ಲ. ನೀಲಾಂಬಾಯಿ ಬುರುಜಿನಲ್ಲೇ ಉಳಿದಳು. ತೂತಿಗೆ ತೇಪೆ ಹಾಕಲು ಯಾರನ್ನೂ ಬಿಡದೆ, ಸಾಯುವ ತನಕ ಅದೇ ಕೌದಿಯನ್ನು ಹೊದ್ದಳು ಎನ್ನುತ್ತಾರೆ.

ಈಗ ಕೋಣೆ ಖಾಲಿ. ಮಧ್ಯಾಹ್ನ ಬುರುಜಿನ ನೆರಳಿನಲ್ಲಿ ಊರ ಹೆಂಗಸರು ಹಳೆಯ ಸೀರೆಗಳನ್ನು ಹರವಿಕೊಂಡು ಕೂರುವುದನ್ನು ಬಂದವರು ನೋಡಬಹುದು. ಸುತ್ತಲಿನ ಊರುಗಳಲ್ಲಿ ಕೌದಿಗೆ ಅಂಚಿನಿಂದ ಹೊಲಿಗೆ ಹಿಡಿದರೆ, ಗೆರಸಿನಾಳದಲ್ಲಿ ಮಾತ್ರ ನಡುವಿನಿಂದ ಹಿಡಿಯುತ್ತಾರೆ. ಮೊದಲು ಹೊಟ್ಟೆ ತುಂಬಿಸಿ ಮುಚ್ಚಿ, ಆಮೇಲೆ ಹೊರಕ್ಕೆ ಸುತ್ತುತ್ತ ಹೋಗುತ್ತಾರೆ. ಹೊಲಿಯಲು ಕೂತವಳು ಯಾವಾಗ ಬೇಕಾದರೂ ಎದ್ದು ಮನೆಗೆ ಹೋಗಬಹುದು.